ಲಿವರ್ ಆಪರೇಷನ್: ಹೆಚ್ಚು ರಕ್ತ, ಹೆಚ್ಚು ಡ್ರಿಪ್ ಕೊಟ್ಟಷ್ಟೂ ಸುರಕ್ಷಿತವೇ?

"ತುರ್ತು. ಲಿವರ್ ಆಪರೇಷನ್ ಇದೆ. ಎಂಟು ಯೂನಿಟ್ ರಕ್ತ ಬೇಕು. ದಯವಿಟ್ಟು ಶೇರ್ ಮಾಡಿ."

ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಒಂದಲ್ಲ ಒಂದು ದಿನ ಬಂದಿರುತ್ತದೆ. ನಮಗೆ ಬಂದದ್ದು ಗೆಳತಿಯೊಬ್ಬಳಿಂದ. ಅವಳ ತಂದೆಗೆ ದೊಡ್ಡ ಕರುಳಿನ ಕ್ಯಾನ್ಸರ್ ಇತ್ತು, ಅದು ಲಿವರ್‌ಗೂ ಹಬ್ಬಿತ್ತು. ಲಿವರ್‌ನ ಬಲಭಾಗವನ್ನು ತೆಗೆಯಬೇಕು ಎಂದು ವೈದ್ಯರು ತೀರ್ಮಾನಿಸಿದ್ದರು. ರಕ್ತದಾನಿಗಳನ್ನು ಹುಡುಕುವ ಓಡಾಟದ ನಡುವೆ ಅವಳು ನಮಗೆ ಫೋನ್ ಮಾಡಿ ಕೇಳಿದ ಪ್ರಶ್ನೆ ಮಾತ್ರ ಬೇರೆಯೇ ಆಗಿತ್ತು.

"ಅರಿವಳಿಕೆ ಕೊಡೋ ಡಾಕ್ಟರ್ ಬಂದು, ಆಪರೇಷನ್ ಮುಗಿಯೋವರೆಗೂ ಡ್ರಿಪ್ ಆದಷ್ಟು ಕಡಿಮೆ ಕೊಡ್ತೀವಿ, ದೇಹವನ್ನ ಸ್ವಲ್ಪ ಒಣಗಿಸಿ ಇಡ್ತೀವಿ ಅಂದ್ರು. ರಕ್ತ ಹೋಗೋ ಆಪರೇಷನ್‌ನಲ್ಲಿ ಡ್ರಿಪ್ ಜಾಸ್ತಿ ಕೊಡಬೇಕಲ್ವಾ? ಇವರು ಉಲ್ಟಾ ಹೇಳ್ತಿದ್ದಾರಲ್ಲ?"

ಅವಳ ಅನುಮಾನ ಸಹಜವಾದದ್ದೇ. ರಕ್ತ ಹೋದರೆ ತುಂಬಿಸಬೇಕು ಎನ್ನುವುದು ನಮ್ಮೆಲ್ಲರ ತಲೆಯಲ್ಲಿ ಕೂತಿರುವ ಲೆಕ್ಕ. ನಾವು ಸಂವಹನ ಓದಿದವರು, ವೈದ್ಯರಲ್ಲ. ಹಾಗಾಗಿ ಅಧ್ಯಯನಗಳನ್ನು ಹುಡುಕಿ ಓದಿದೆವು. ಸಿಕ್ಕ ಉತ್ತರ ನಮ್ಮ ಲೆಕ್ಕವನ್ನೂ ತಲೆಕೆಳಗು ಮಾಡಿತು.

ಒಂದೇ ಮಾತಿನಲ್ಲಿ ಹೇಳುವುದಾದರೆ: ಲಿವರ್ ಶಸ್ತ್ರಚಿಕಿತ್ಸೆಯಲ್ಲಿ ಜೀವ ಉಳಿಸುವುದು ಹೆಚ್ಚು ರಕ್ತ ಏರಿಸುವುದರಿಂದಲ್ಲ, ಹೋಗುವ ರಕ್ತವನ್ನೇ ಕಡಿಮೆ ಮಾಡುವುದರಿಂದ. ಹಾಗೆ ಕಡಿಮೆ ಮಾಡುವ ದೊಡ್ಡ ಉಪಾಯವೆಂದರೆ ಲಿವರ್ ಕತ್ತರಿಸುವ ಹೊತ್ತಿನಲ್ಲಿ ದೊಡ್ಡ ಅಭಿಧಮನಿಗಳು ಉಬ್ಬದಂತೆ ನೋಡಿಕೊಳ್ಳುವುದು. ಏಕೆ, ಹೇಗೆ ಎಂದು ನೋಡೋಣ.

ಲಿವರ್‌ನಲ್ಲೇ ಏಕೆ ಇಷ್ಟು ರಕ್ತ?

ವಯಸ್ಕರ ಲಿವರ್ ಸುಮಾರು ಒಂದೂಕಾಲರಿಂದ ಒಂದೂವರೆ ಕಿಲೋ ತೂಗುತ್ತದೆ. ದೇಹದ ತೂಕದಲ್ಲಿ ಅದರ ಪಾಲು ಶೇಕಡಾ 2ರ ಆಸುಪಾಸು. ಆದರೆ ಹೃದಯ ಪ್ರತಿ ನಿಮಿಷ ಹೊರದೂಡುವ ರಕ್ತದಲ್ಲಿ ಸುಮಾರು ನಾಲ್ಕನೇ ಒಂದು ಭಾಗ, ಅಂದರೆ ಹೆಚ್ಚುಕಡಿಮೆ ಒಂದೂವರೆ ಲೀಟರ್, ಲಿವರ್ ಮೂಲಕವೇ ಹಾದುಹೋಗುತ್ತದೆ. ನಮ್ಮ ದೇಹದಲ್ಲಿರುವ ಒಟ್ಟು ರಕ್ತ ನಾಲ್ಕರಿಂದ ಐದು ಲೀಟರ್. ಮೂರ್ನಾಲ್ಕು ನಿಮಿಷಕ್ಕೆ ಅಷ್ಟೇ ಪ್ರಮಾಣದ ರಕ್ತ ಲಿವರ್ ದಾಟಿ ಹೋಗಿರುತ್ತದೆ ಎಂದರೆ ಅದರ ರಭಸ ಅರ್ಥವಾದೀತು.

ಲಿವರ್‌ಗೆ ರಕ್ತ ಬರುವ ದಾರಿಗಳು ಎರಡು. ಮೊದಲನೆಯದು ಹೃದಯದ ಕಡೆಯಿಂದ ಬರುವ ಅಪಧಮನಿ. ಎರಡನೆಯದು ಹೊಟ್ಟೆ, ಕರುಳು, ಗುಲ್ಮಗಳಿಂದ ರಕ್ತ ತರುವ ಪೋರ್ಟಲ್ ಅಭಿಧಮನಿ. ಬರುವ ರಕ್ತದಲ್ಲಿ ಮುಕ್ಕಾಲು ಪಾಲು ಈ ಎರಡನೆಯ ದಾರಿಯದ್ದು. ಊಟ ಜೀರ್ಣವಾಗಿ ಕರುಳು ಹೀರಿಕೊಂಡ ಹೆಚ್ಚಿನ ಅಂಶಗಳು ಮೊದಲು ಲಿವರ್‌ನ ತಪಾಸಣೆಗೆ ಬಂದು, ಆಮೇಲೆ ಉಳಿದ ದೇಹಕ್ಕೆ ಹೋಗುತ್ತವೆ.

ರಕ್ತ ಹೊರಹೋಗುವ ದಾರಿಯೂ ವಿಶೇಷವಾದದ್ದು. ಮೂರು ದೊಡ್ಡ ಅಭಿಧಮನಿಗಳು ಲಿವರ್‌ನ ಮೇಲ್ಭಾಗದಿಂದ ಹೊರಟು, ಹೃದಯಕ್ಕೆ ಹೋಗುವ ಮಹಾ ಅಭಿಧಮನಿಯನ್ನು ಸೇರುತ್ತವೆ. ಇವಕ್ಕೆ ಕಾಲಿನ ಅಭಿಧಮನಿಗಳಲ್ಲಿ ಇರುವಂತೆ ಹಿಂದಕ್ಕೆ ಹರಿಯುವುದನ್ನು ತಡೆಯುವ ಕವಾಟಗಳಿಲ್ಲ. ಗೋಡೆ ತೆಳು. ಜೊತೆಗೆ ಅವು ಲಿವರ್‌ನ ಮಾಂಸಕ್ಕೆ ಅಂಟಿಕೊಂಡಂತೆ ಇರುವುದರಿಂದ, ಕತ್ತರಿಸಿದಾಗ ಕೈಬೆರಳಿನ ರಕ್ತನಾಳದಂತೆ ತಾನಾಗಿ ಮುದುರಿಕೊಳ್ಳುವುದಿಲ್ಲ. ಬಾಯಿ ತೆರೆದೇ ಇರುತ್ತದೆ.

ಇನ್ನು ಲಿವರ್‌ನ ಮಾಂಸ ತೀರಾ ಮೃದು. ಹೊಲಿಗೆ ಹಾಕಿ ಬಿಗಿದರೆ ದಾರವೇ ಅದನ್ನು ಸೀಳಿಕೊಂಡು ಬರುತ್ತದೆ. ಹೀಗಾಗಿ ಬಹಳ ಕಾಲ ಶಸ್ತ್ರವೈದ್ಯರು ಲಿವರ್ ತಂಟೆಗೇ ಹೋಗುತ್ತಿರಲಿಲ್ಲ. 1888ರಲ್ಲಿ ಬರ್ಲಿನ್‌ನ ಕಾರ್ಲ್ ಲಾಂಗೆನ್‌ಬುಖ್ ಯೋಜಿತವಾಗಿ ಲಿವರ್‌ನ ಒಂದು ಭಾಗ ತೆಗೆದು ಯಶಸ್ವಿಯಾದ ವರದಿ ಪ್ರಕಟಿಸಿದರು. ಆ ರೋಗಿಗೂ ರಕ್ತಸ್ರಾವದಿಂದಾಗಿ ಹೊಟ್ಟೆಯನ್ನು ಮತ್ತೆ ತೆರೆಯಬೇಕಾಗಿತ್ತು.

ಮೊದಲ ಉಪಾಯ: ಬರುವ ನಲ್ಲಿಯನ್ನು ಮುಚ್ಚುವುದು

ಮನೆಯಲ್ಲಿ ಪೈಪ್ ಒಡೆದರೆ ಪ್ಲಂಬರ್ ಬಂದವನೇ ಮಾಡುವ ಮೊದಲ ಕೆಲಸ ಏನು? ಮೇನ್ ವಾಲ್ವ್ ಎಲ್ಲಿದೆ ಎಂದು ಕೇಳಿ ಮುಚ್ಚುವುದು. ಲಿವರ್ ವಿಷಯದಲ್ಲಿ ಇದನ್ನು ವಿವರಿಸಿದವರು ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಜೇಮ್ಸ್ ಹೋಗಾರ್ತ್ ಪ್ರಿಂಗಲ್, 1908ರಲ್ಲಿ.

ಲಿವರ್‌ಗೆ ಬರುವ ಅಪಧಮನಿ, ಪೋರ್ಟಲ್ ಅಭಿಧಮನಿ ಮತ್ತು ಪಿತ್ತನಾಳ ಮೂರೂ ಒಂದೇ ಗೊಂಚಲಾಗಿ ಲಿವರ್ ಕೆಳಗೆ ಬಂದು ಸೇರುತ್ತವೆ. ಆ ಗೊಂಚಲನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ಒತ್ತಿದರೆ ಒಳಬರುವ ರಕ್ತವೆಲ್ಲ ನಿಲ್ಲುತ್ತದೆ ಎಂದು ಪ್ರಿಂಗಲ್ ಕಂಡುಕೊಂಡರು. ಅಪಘಾತದಲ್ಲಿ ಲಿವರ್ ಸೀಳಿದ ರೋಗಿಗಳ ಬಗ್ಗೆ ಅವರು ಬರೆದ ಆ ಲೇಖನದ ದುಃಖದ ಸಂಗತಿಯೆಂದರೆ, ಅದರಲ್ಲಿದ್ದ ರೋಗಿಗಳು ಬದುಕಲಿಲ್ಲ. ಆದರೂ ಉಪಾಯ ಸರಿಯಾಗಿತ್ತು. ಮೊಲಗಳ ಮೇಲಿನ ಪ್ರಯೋಗದಲ್ಲಿ ಅದು ಕೆಲಸ ಮಾಡುವುದನ್ನು ಅವರು ತೋರಿಸಿದರು. ನೂರು ವರ್ಷ ದಾಟಿದರೂ ಇಂದಿಗೂ ಜಗತ್ತಿನಾದ್ಯಂತ ಆಪರೇಷನ್ ಕೋಣೆಗಳಲ್ಲಿ ಇದನ್ನು ಪ್ರಿಂಗಲ್ ವಿಧಾನ ಎಂದೇ ಕರೆಯುತ್ತಾರೆ. ಬೆರಳಿನ ಜಾಗದಲ್ಲಿ ಮೆತ್ತನೆಯ ಪಟ್ಟಿ ಅಥವಾ ಕ್ಲ್ಯಾಂಪ್ ಬಂದಿದೆ, ಅಷ್ಟೇ.

ಹಾಗಾದರೆ ರಕ್ತವಿಲ್ಲದೆ ಲಿವರ್ ಸಾಯುವುದಿಲ್ಲವೇ? ಇದು ಒಳ್ಳೆಯ ಪ್ರಶ್ನೆ. ಆರೋಗ್ಯವಂತ ಲಿವರ್ ಇದನ್ನು ಸಾಕಷ್ಟು ಹೊತ್ತು ತಡೆದುಕೊಳ್ಳುತ್ತದೆ, ಸಿರೋಸಿಸ್ ಅಥವಾ ಕೊಬ್ಬು ತುಂಬಿದ ಲಿವರ್ ಅಷ್ಟು ತಡೆಯುವುದಿಲ್ಲ. ಅದಕ್ಕೇ ಸಾಮಾನ್ಯವಾಗಿ 15 ನಿಮಿಷ ಮುಚ್ಚಿ, 5 ನಿಮಿಷ ಬಿಡುತ್ತಾರೆ. ಮತ್ತೆ 15 ನಿಮಿಷ ಮುಚ್ಚುತ್ತಾರೆ. ಗಡಿಯಾರ ನೋಡಿ ಹೇಳಲು ಆಪರೇಷನ್ ಕೋಣೆಯಲ್ಲಿ ಒಬ್ಬರು ಇರುತ್ತಾರೆ. ಮುಚ್ಚಿದಷ್ಟು ಹೊತ್ತು ಕರುಳಿನ ರಕ್ತ ಮುಂದೆ ಹೋಗಲಾಗದೆ ಹಿಂದೆಯೇ ನಿಂತು ಕರುಳು ಊದಿಕೊಳ್ಳುತ್ತದೆ, ಆದ್ದರಿಂದ ಈ ಬಿಡುವು ಕರುಳಿಗೂ ಬೇಕು.

ನಲ್ಲಿ ಮುಚ್ಚಿದರೂ ನೀರು ಬರುವುದೇಕೆ?

ಮೇನ್ ವಾಲ್ವ್ ಮುಚ್ಚಿದ ಮೇಲೂ ಒಡೆದ ಪೈಪಿನಿಂದ ನೀರು ಸುರಿಯುವುದನ್ನು ನೀವು ನೋಡಿರಬಹುದು. ಮುಂದಿನ ಪೈಪಿನಲ್ಲಿ, ಮೇಲಿನ ಮಹಡಿಯಲ್ಲಿ ನಿಂತ ನೀರು ಹಿಂದಕ್ಕೆ ಇಳಿದು ಬರುತ್ತಿರುತ್ತದೆ. ಲಿವರ್‌ನಲ್ಲಿ ಆಗುವುದೂ ಇದೇ. ಬರುವ ರಕ್ತವನ್ನು ಪ್ರಿಂಗಲ್ ವಿಧಾನ ತಡೆಯುತ್ತದೆ. ಆದರೆ ಹೊರಹೋಗುವ ಮೂರು ದೊಡ್ಡ ಅಭಿಧಮನಿಗಳಿಗೆ ಕವಾಟಗಳಿಲ್ಲವಲ್ಲ? ಹೃದಯದ ಕಡೆಯ ಮಹಾ ಅಭಿಧಮನಿಯಲ್ಲಿ ತುಂಬಿಕೊಂಡ ರಕ್ತ ಅವುಗಳ ಮೂಲಕ ಹಿಂದಕ್ಕೆ ಬಂದು, ಕತ್ತರಿಸಿದ ಜಾಗದಲ್ಲಿ ಹೊರಬೀಳುತ್ತದೆ.

ಹಾಗೆ ಎಷ್ಟು ರಕ್ತ ಬೀಳುತ್ತದೆ ಎನ್ನುವುದು ಎರಡು ಸಂಗತಿಗಳ ಮೇಲೆ ನಿಂತಿದೆ. ಒಂದು, ಮಹಾ ಅಭಿಧಮನಿಯಲ್ಲಿನ ಒತ್ತಡ. ಇನ್ನೊಂದು, ಅಭಿಧಮನಿ ಎಷ್ಟು ಉಬ್ಬಿದೆ ಎನ್ನುವುದು. ಉಬ್ಬಿದ ನಾಳಕ್ಕೆ ಕತ್ತರಿ ತಾಗಿದರೆ ದೊಡ್ಡ ತೂತು. ಚಪ್ಪಟೆಯಾದ ನಾಳಕ್ಕೆ ತಾಗಿದರೆ ಸಣ್ಣ ತೂತು, ಅದನ್ನು ಬೆರಳಿಟ್ಟು ಹಿಡಿದು ಹೊಲಿಯಬಹುದು.

ಇಲ್ಲಿ ನಮ್ಮ ಗೆಳತಿಯ ಪ್ರಶ್ನೆಗೆ ಉತ್ತರ ಸಿಗುತ್ತದೆ. ಆಪರೇಷನ್ ಶುರುವಾಗುವ ಮೊದಲೇ ಡ್ರಿಪ್ ಮೇಲೆ ಡ್ರಿಪ್ ಏರಿಸಿದರೆ ಅಭಿಧಮನಿಗಳು ತುಂಬಿ ಉಬ್ಬುತ್ತವೆ, ಒತ್ತಡ ಏರುತ್ತದೆ. ರಕ್ತ ಹೋದೀತು ಎಂದು ಮುಂಜಾಗ್ರತೆಗೆ ಕೊಟ್ಟ ದ್ರವವೇ ರಕ್ತ ಹೋಗಲು ಕಾರಣವಾಗುತ್ತದೆ.

1998ರ ಎರಡು ಅಂಕಿಗಳು

ಈ ಒತ್ತಡವನ್ನು ವೈದ್ಯರು ಕೇಂದ್ರ ಅಭಿಧಮನಿ ಒತ್ತಡ, ಚಿಕ್ಕದಾಗಿ ಸಿವಿಪಿ ಎನ್ನುತ್ತಾರೆ. ನಾವು ತೋಳಿಗೆ ಪಟ್ಟಿ ಕಟ್ಟಿ ಅಳೆಯುವ ಬಿಪಿ ಬೇರೆ, ಇದು ಬೇರೆ. ತೋಳಿನ ಬಿಪಿ ಹೃದಯದಿಂದ ಹೊರಡುವ ರಕ್ತದ್ದು, ಸಿವಿಪಿ ಹೃದಯಕ್ಕೆ ಮರಳುವ ರಕ್ತದ್ದು. ಸಿವಿಪಿಯನ್ನು ನೀರಿನ ಕಂಬದ ಎತ್ತರದಲ್ಲೂ ಹೇಳುವುದುಂಟು.

1998ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಸಾಲಾಗಿ 100 ಲಿವರ್ ಶಸ್ತ್ರಚಿಕಿತ್ಸೆಗಳನ್ನು ಗಮನಿಸಿ ಒಂದು ವರದಿ ಪ್ರಕಟಿಸಿದರು. ಲಿವರ್ ಕತ್ತರಿಸುವಾಗ ಸಿವಿಪಿ 5 ಸೆಂಟಿಮೀಟರ್ ನೀರಿನ ಮಟ್ಟ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಹೋದ ರಕ್ತದ ಮಧ್ಯಮ ಪ್ರಮಾಣ 200 ಮಿಲಿಲೀಟರ್. ಅದಕ್ಕಿಂತ ಹೆಚ್ಚಿದ್ದವರಲ್ಲಿ 1,000 ಮಿಲಿಲೀಟರ್. ಒಂದು ಲೋಟ ಮತ್ತು ಒಂದು ದೊಡ್ಡ ನೀರಿನ ಬಾಟಲಿಯ ನಡುವಿನ ವ್ಯತ್ಯಾಸ ಇದು.

ಅದೇ ಹೊತ್ತಿಗೆ ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದವರೂ ಇದೇ ದಾರಿ ಹಿಡಿದಿದ್ದರು. 1991ರಿಂದ 2001ರವರೆಗೆ ಅಲ್ಲಿ ನಡೆದ 1,803 ಲಿವರ್ ಶಸ್ತ್ರಚಿಕಿತ್ಸೆಗಳಲ್ಲಿ ಸಾವಿನ ಪ್ರಮಾಣ ಶೇಕಡಾ 3.1. ಹೋದ ರಕ್ತದ ಮಧ್ಯಮ ಪ್ರಮಾಣ 600 ಮಿಲಿಲೀಟರ್. ಅಮೆರಿಕದಲ್ಲೇ 1970ರ ದಶಕದಲ್ಲಿ ದೊಡ್ಡ ಲಿವರ್ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಸುಮಾರು ಐವರಿಗೆ ಒಬ್ಬರು ಸಾಯುತ್ತಿದ್ದರು. ಈ ಬದಲಾವಣೆಗೆ ಒಳ್ಳೆಯ ಸ್ಕ್ಯಾನ್, ಒಳ್ಳೆಯ ಐಸಿಯು, ರೋಗಿಯ ಸರಿಯಾದ ಆಯ್ಕೆ ಎಲ್ಲವೂ ಕಾರಣ. ರಕ್ತಸ್ರಾವದ ಹಿಡಿತವೂ ಅವುಗಳಲ್ಲಿ ಒಂದು ದೊಡ್ಡ ಕಾರಣ.

ಹಾಗಾದರೆ ಅರಿವಳಿಕೆ ತಜ್ಞರು ಈ ಒತ್ತಡವನ್ನು ಇಳಿಸುವುದು ಹೇಗೆ? ಡ್ರಿಪ್ ಕಡಿಮೆ ಇಡುತ್ತಾರೆ. ತಲೆಯ ಭಾಗ ತುಸು ಮೇಲೆ ಬರುವಂತೆ ಮೇಜನ್ನು ಓರೆ ಮಾಡುತ್ತಾರೆ. ಉಸಿರಾಟದ ಯಂತ್ರ ಎದೆಯೊಳಗೆ ಹೆಚ್ಚು ಒತ್ತಡ ಹಾಕದಂತೆ ಹೊಂದಿಸುತ್ತಾರೆ. ಬೇಕಾದರೆ ಮೂತ್ರ ಹೆಚ್ಚಿಸುವ ಅಥವಾ ರಕ್ತನಾಳ ಸಡಿಲಿಸುವ ಔಷಧ ಕೊಡುತ್ತಾರೆ. ಲಿವರ್ ಕತ್ತರಿಸುವ ಕೆಲಸ ಮುಗಿದ ತಕ್ಷಣ ಕಡಿಮೆಯಾದ ದ್ರವವನ್ನು ತುಂಬಿಕೊಡುತ್ತಾರೆ. "ಒಣಗಿಸಿ ಇಡುವುದು" ಅಷ್ಟು ಹೊತ್ತಿಗೆ ಮಾತ್ರ.

ಇದರಲ್ಲಿ ಅಪಾಯವಿಲ್ಲವೇ? ಇದೆ. ಒತ್ತಡ ತೀರಾ ಇಳಿದರೆ ಮೂತ್ರಪಿಂಡಕ್ಕೆ ರಕ್ತ ಸಾಲದಾಗಬಹುದು. ತೆರೆದ ಅಭಿಧಮನಿಯೊಳಗೆ ಗಾಳಿ ಎಳೆದುಕೊಂಡು ಅದು ಹೃದಯ ತಲುಪಬಹುದು. ಹೃದ್ರೋಗ ಇರುವವರಲ್ಲಿ ಇನ್ನೂ ಎಚ್ಚರ ಬೇಕು. ಆದ್ದರಿಂದಲೇ ಇದು ಶಸ್ತ್ರವೈದ್ಯರೊಬ್ಬರ ಕೈಚಳಕವಲ್ಲ. ಪರದೆಯ ಆಚೆ ನಿಂತ ಅರಿವಳಿಕೆ ತಜ್ಞರು ನಿಮಿಷ ನಿಮಿಷಕ್ಕೂ ತೂಗಿ ನೋಡುವ ಕೆಲಸ. ಆಪರೇಷನ್ ಮಾಡಿದವರ ಹೆಸರು ನಮಗೆ ನೆನಪಿರುತ್ತದೆ, ಇವರ ಹೆಸರನ್ನು ನಾವು ಕೇಳಿಯೂ ಇರುವುದಿಲ್ಲ.

ರಕ್ತ ಉಳಿಸಲು ರಕ್ತ ತೆಗೆಯುವುದೇ?

ಇನ್ನೊಂದು ಹೆಜ್ಜೆ ಮುಂದೆ ಹೋದವರು ಕೆನಡಾದವರು. ಲಿವರ್ ಕತ್ತರಿಸುವ ಮೊದಲು ರೋಗಿಯದೇ ರಕ್ತವನ್ನು ಒಂದಿಷ್ಟು ಹೊರತೆಗೆದು ಚೀಲದಲ್ಲಿಟ್ಟರೆ ಹೇಗೆ ಎಂದು ಅವರು ಪರೀಕ್ಷಿಸಿದರು. ದೇಹದ ತೂಕದ ಪ್ರತಿ ಕಿಲೋಗೆ 7ರಿಂದ 10 ಮಿಲಿಲೀಟರ್, ಅಂದರೆ 60 ಕಿಲೋ ತೂಕದವರಲ್ಲಿ 420ರಿಂದ 600 ಮಿಲಿಲೀಟರ್. ಅದಕ್ಕೆ ಬದಲಾಗಿ ಡ್ರಿಪ್ ಕೊಡಲಿಲ್ಲ. ಲಿವರ್ ಕತ್ತರಿಸಿ ಮುಗಿದ ಮೇಲೆ ಅದೇ ರಕ್ತವನ್ನು ಅದೇ ರೋಗಿಗೆ ಮರಳಿ ಏರಿಸಿದರು.

ಕೇಳಿದರೆ ಹುಚ್ಚು ಅನ್ನಿಸುತ್ತದೆ. ಆದರೆ ನಾಲ್ಕು ಆಸ್ಪತ್ರೆಗಳಲ್ಲಿ ನಡೆದು 2024ರ ಕೊನೆಯಲ್ಲಿ ಪ್ರಕಟವಾದ ಈ ಪರೀಕ್ಷೆಯ ಫಲಿತಾಂಶ ಸ್ಪಷ್ಟವಾಗಿತ್ತು. 30 ದಿನಗಳೊಳಗೆ ಬೇರೆಯವರ ರಕ್ತ ಪಡೆಯಬೇಕಾಗಿ ಬಂದವರು, ಹೀಗೆ ರಕ್ತ ತೆಗೆದ ಗುಂಪಿನಲ್ಲಿ ಸುಮಾರು ಶೇಕಡಾ 8. ಎಂದಿನ ಕ್ರಮದ ಗುಂಪಿನಲ್ಲಿ ಶೇಕಡಾ 16. ಅರ್ಧಕ್ಕೆ ಅರ್ಧ. ಕಾರಣ ನಾವು ಈಗಾಗಲೇ ನೋಡಿದ್ದೇ: ಅಭಿಧಮನಿಗಳು ಉಬ್ಬಿರಲಿಲ್ಲ, ಹಿಂದಕ್ಕೆ ಹರಿಯಲು ಹೆಚ್ಚು ರಕ್ತವಿರಲಿಲ್ಲ. ಎಲ್ಲ ರೋಗಿಗಳಿಗೂ ಇದು ಹೊಂದುವುದಿಲ್ಲ. ರಕ್ತಹೀನತೆ ಅಥವಾ ಹೃದಯದ ತೊಂದರೆ ಇರುವವರಿಂದ ರಕ್ತ ತೆಗೆಯುವುದು ಬೇರೆಯೇ ಮಾತು.

ಎಲ್ಲಿ ಕತ್ತರಿಸಬೇಕು, ಹೇಗೆ ಕತ್ತರಿಸಬೇಕು?

ಒತ್ತಡದ ಲೆಕ್ಕ ಸರಿಯಾದರೂ ಕತ್ತರಿಸುವ ಜಾಗ ತಪ್ಪಿದರೆ ಪ್ರಯೋಜನವಿಲ್ಲ. ಹೊರಗಿನಿಂದ ನೋಡಿದರೆ ಲಿವರ್ ಒಂದೇ ಗಡ್ಡೆಯಂತೆ ಕಾಣುತ್ತದೆ. ಆದರೆ ಒಳಗಿನ ರಕ್ತನಾಳಗಳ ಹಂಚಿಕೆ ನೋಡಿದರೆ ಅದು ಎಂಟು ಭಾಗಗಳಾಗಿದೆ ಎಂದು 1950ರ ದಶಕದಲ್ಲಿ ಫ್ರಾನ್ಸ್‌ನ ಕ್ಲಾಡ್ ಕ್ವಿನೋ ತೋರಿಸಿದರು. ಒಂದೇ ಕಾಲುವೆಯಿಂದ ಎಂಟು ಗದ್ದೆಗೆ ಬೇರೆ ಬೇರೆ ತೂಬು ಇದ್ದ ಹಾಗೆ. ಯಾವ ಗದ್ದೆ ಬೇಡವೋ ಅದರ ತೂಬನ್ನು ಮಾತ್ರ ಮುಚ್ಚಿದರೆ ಉಳಿದವಕ್ಕೆ ನೀರು ನಿಲ್ಲುವುದಿಲ್ಲ. ಒಂದು ಭಾಗದ ರಕ್ತನಾಳ ಕಟ್ಟಿದ ಕೂಡಲೇ ಆ ಭಾಗದ ಬಣ್ಣ ಕಪ್ಪಾಗಿ ಗಡಿರೇಖೆ ತಾನಾಗಿಯೇ ಮೂಡುತ್ತದೆ. ಆ ಗೆರೆ ಹಿಡಿದು ಹೋದರೆ ದೊಡ್ಡ ನಾಳಗಳು ಅಡ್ಡ ಬರುವುದು ಕಡಿಮೆ.

ಕತ್ತರಿಸುವ ಬಗೆಯಲ್ಲೂ ಕಲಿಯಲು ಪಾಠವಿದೆ. ವಿಯೆಟ್ನಾಂನ ಹನೋಯಿ ನಗರದ ಶಸ್ತ್ರವೈದ್ಯ ತೋನ್ ಥಾತ್ ತುಂಗ್ 1930ರ ದಶಕದಲ್ಲಿ 200ಕ್ಕೂ ಹೆಚ್ಚು ಶವಗಳ ಲಿವರ್ ಬಿಡಿಸಿ ಒಳಗಿನ ನಾಳಗಳನ್ನು ಅಭ್ಯಾಸ ಮಾಡಿದ್ದರು. ಬೆರಳುಗಳ ನಡುವೆ ಲಿವರ್‌ನ ಮಾಂಸವನ್ನು ಹಿಸುಕಿದರೆ ಮೆತ್ತನೆಯದು ಪುಡಿಯಾಗುತ್ತದೆ, ನಾಳಗಳು ಮಾತ್ರ ದಾರದಂತೆ ಉಳಿಯುತ್ತವೆ. ಅವನ್ನು ಒಂದೊಂದಾಗಿ ಕಟ್ಟಿ ಕತ್ತರಿಸಬಹುದು. ಹಣ್ಣಾದ ಹುಣಸೆಯನ್ನು ಕಿವುಚಿದಾಗ ತಿರುಳು ಬಿಟ್ಟು ನಾರು ಕೈಗೆ ಸಿಗುವುದಿಲ್ಲವೇ, ಹಾಗೆಯೇ.

ಮುಂದೆ ಬೆರಳಿನ ಬದಲು ಚಿಕ್ಕ ಇಕ್ಕಳ ಬಂತು. ಆಮೇಲೆ ಅಲ್ಟ್ರಾಸೌಂಡ್ ಕಂಪನದಿಂದ, ನೀರಿನ ಚಿಲುಮೆಯಿಂದ ಲಿವರ್ ಬಿಡಿಸುವ ದುಬಾರಿ ಯಂತ್ರಗಳು ಬಂದವು. ಯಂತ್ರ ದುಬಾರಿಯಾದಷ್ಟೂ ರಕ್ತ ಕಡಿಮೆ ಹೋಗುತ್ತದೆ ಎಂದು ಯಾರಾದರೂ ಅಂದುಕೊಂಡಾರು. ಸ್ವಿಟ್ಜರ್ಲೆಂಡ್‌ನ ಜ್ಯೂರಿಕ್‌ನಲ್ಲಿ 100 ರೋಗಿಗಳನ್ನು ನಾಲ್ಕು ಗುಂಪು ಮಾಡಿ ನಾಲ್ಕು ವಿಧಾನಗಳನ್ನು ಹೋಲಿಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಪ್ರಿಂಗಲ್ ವಿಧಾನದ ಜೊತೆಗೆ ಬಳಸಿದ ಸಾಧಾರಣ ಇಕ್ಕಳವೇ ಎಲ್ಲಕ್ಕಿಂತ ಬೇಗ ಕೆಲಸ ಮುಗಿಸಿತು, ರಕ್ತವೂ ಕಡಿಮೆ ಹೋಯಿತು, ಖರ್ಚೂ ಕಡಿಮೆ. ಯಂತ್ರಗಳು ಬೇಡವೆಂದು ಇದರ ಅರ್ಥವಲ್ಲ. ಕೀಹೋಲ್ ಶಸ್ತ್ರಚಿಕಿತ್ಸೆಯಲ್ಲಿ, ದೊಡ್ಡ ನಾಳದ ಪಕ್ಕದ ಗಡ್ಡೆಗಳಲ್ಲಿ ಅವು ಉಪಯುಕ್ತ. ಆದರೆ "ನಿಮ್ಮಲ್ಲಿ ಯಾವ ಮೆಷಿನ್ ಇದೆ?" ಎಂಬುದು ಆಸ್ಪತ್ರೆಯನ್ನು ಅಳೆಯುವ ಮೊದಲ ಪ್ರಶ್ನೆ ಆಗಬೇಕಿಲ್ಲ.

ಮೂರು ನಂಬಿಕೆಗಳು, ಮೂರು ಉತ್ತರಗಳು

ನಂಬಿಕೆ 1: ರಕ್ತ ಹೆಪ್ಪುಗಟ್ಟಿಸುವ ಇಂಜೆಕ್ಷನ್ ಕೊಟ್ಟರೆ ಸಾಕು.

ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಔಷಧವಿದೆ. ಜಪಾನಿನ ಒಕಾಮೊಟೊ ದಂಪತಿ 1960ರ ದಶಕದ ಆರಂಭದಲ್ಲಿ ಇದನ್ನು ಕಂಡುಹಿಡಿದರು. ಅಪಘಾತದಲ್ಲಿ ಗಾಯಗೊಂಡ 20,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ, ಇದು ಸಾವುಗಳನ್ನು ತಗ್ಗಿಸುತ್ತದೆ ಎಂದು ತೋರಿಸಿತು. ಹಾಗಾದರೆ ಲಿವರ್‌ಗೂ ಆಗಬೇಕಲ್ಲ? ಕೆನಡಾ ಮತ್ತು ಅಮೆರಿಕದಲ್ಲಿ ಕ್ಯಾನ್ಸರ್‌ಗಾಗಿ ಲಿವರ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 1,200ಕ್ಕೂ ಹೆಚ್ಚು ಜನರಲ್ಲಿ ಇದನ್ನು ಪರೀಕ್ಷಿಸಿದರು. 2024ರಲ್ಲಿ ಬಂದ ಫಲಿತಾಂಶದ ಪ್ರಕಾರ ರಕ್ತಸ್ರಾವವೂ ಕಡಿಮೆಯಾಗಲಿಲ್ಲ, ರಕ್ತ ಕೊಡುವ ಅಗತ್ಯವೂ ತಗ್ಗಲಿಲ್ಲ. ಬದಲಿಗೆ ತೊಡಕುಗಳು ತುಸು ಹೆಚ್ಚಾದವು. ಒಂದು ಕಡೆ ಜೀವ ಉಳಿಸಿದ ಔಷಧ ಇನ್ನೊಂದು ಕಡೆಯೂ ಉಳಿಸುತ್ತದೆ ಎಂದು ಪರೀಕ್ಷಿಸದೆ ಹೇಳುವಂತಿಲ್ಲ.

ನಂಬಿಕೆ 2: ಲಿವರ್ ಹಾಳಾದವರಿಗೆ ಆಪರೇಷನ್‌ಗೆ ಮೊದಲೇ ಪ್ಲಾಸ್ಮಾ ಏರಿಸಿಬಿಡಬೇಕು.

ರಕ್ತ ಹೆಪ್ಪುಗಟ್ಟಿಸುವ ಬಹುತೇಕ ಪ್ರೋಟೀನ್‌ಗಳನ್ನು ತಯಾರಿಸುವುದು ಲಿವರ್. ಸಿರೋಸಿಸ್ ಇದ್ದವರ ರಕ್ತಪರೀಕ್ಷೆಯಲ್ಲಿ ಹೆಪ್ಪುಗಟ್ಟುವ ಸಮಯ ಹೆಚ್ಚಾಗಿ ಕಾಣುವುದು ಅದಕ್ಕೇ. ವರದಿ ನೋಡಿದ ಮನೆಯವರಿಗೆ ಗಾಬರಿ. ಆದರೆ ಹೆಪ್ಪುಗಟ್ಟದಂತೆ ತಡೆಯುವ ಪ್ರೋಟೀನ್‌ಗಳನ್ನೂ ಅದೇ ಲಿವರ್ ತಯಾರಿಸುತ್ತದೆ, ಅವೂ ಕಡಿಮೆಯಾಗಿರುತ್ತವೆ. ತಕ್ಕಡಿಯ ಎರಡೂ ತಟ್ಟೆ ಹಗುರವಾಗಿ ಒಂದು ಬಗೆಯ ಸಮತೋಲ ಏರ್ಪಟ್ಟಿರುತ್ತದೆ. ಬರೀ ಆ ಒಂದು ಸಂಖ್ಯೆಯನ್ನು ಸರಿಪಡಿಸಲು ಚೀಲಗಟ್ಟಲೆ ಪ್ಲಾಸ್ಮಾ ಏರಿಸಿದರೆ ದ್ರವ ಹೆಚ್ಚಿ, ಅಭಿಧಮನಿ ಉಬ್ಬಿ, ರಕ್ತಸ್ರಾವವೇ ಹೆಚ್ಚಬಹುದು. ಮತ್ತೆ ಅದೇ ಒತ್ತಡದ ಕತೆ.

ನಂಬಿಕೆ 3: ರಕ್ತ ಏರಿಸಿದಷ್ಟೂ ಶಕ್ತಿ, ಏರಿಸಿದರೆ ನಷ್ಟವೇನು?

ತೀವ್ರ ರಕ್ತಸ್ರಾವ ಆದಾಗ ರಕ್ತ ಕೊಡುವುದಕ್ಕೆ ಬದಲಿ ಇಲ್ಲ, ಅದು ಪ್ರಾಣ ಉಳಿಸುತ್ತದೆ. ಇದರಲ್ಲಿ ಎರಡು ಮಾತಿಲ್ಲ. ಆದರೆ ಅಗತ್ಯವಿಲ್ಲದೆ ಕೊಟ್ಟ ರಕ್ತ ಟಾನಿಕ್ ಅಲ್ಲ. ಅಪರೂಪಕ್ಕಾದರೂ ಪ್ರತಿಕ್ರಿಯೆ, ಶ್ವಾಸಕೋಶದ ತೊಂದರೆ ಬರಬಹುದು. ಕರುಳಿನಿಂದ ಲಿವರ್‌ಗೆ ಹಬ್ಬಿದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಆದವರಲ್ಲಿ, ರಕ್ತ ಪಡೆದವರಿಗೆ ತೊಡಕುಗಳು ಹೆಚ್ಚು ಎಂದು ಅಧ್ಯಯನಗಳು ಕಂಡಿವೆ. ಕಷ್ಟದ ಆಪರೇಷನ್ ಆದವರಿಗೇ ರಕ್ತ ಬೇಕಾಗುವುದರಿಂದ ಇಲ್ಲಿ ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸುವುದು ಸುಲಭವಲ್ಲ. ಆದರೆ 1999ರಲ್ಲಿ ಕೆನಡಾದ ಐಸಿಯುಗಳಲ್ಲಿ 838 ರೋಗಿಗಳ ಮೇಲೆ ನಡೆದ ಪರೀಕ್ಷೆಯ ವರದಿ ಬಂದಾಗಿನಿಂದ ಜಗತ್ತಿನ ವೈದ್ಯರ ಅಭ್ಯಾಸ ಬದಲಾಗಿದೆ. ಹಿಮೋಗ್ಲೋಬಿನ್ 10ಕ್ಕೆ ಇಳಿದೊಡನೆ ರಕ್ತ ಕೊಡುವುದಕ್ಕಿಂತ, 7ಕ್ಕೆ ಇಳಿಯುವವರೆಗೆ ಕಾಯುವುದರಿಂದ ಹೆಚ್ಚಿನ ರೋಗಿಗಳಿಗೆ ತೊಂದರೆ ಆಗಲಿಲ್ಲ. ವೈದ್ಯರು "ಈಗ ರಕ್ತ ಬೇಡ" ಎಂದರೆ ಅದು ಜಿಪುಣತನವಲ್ಲ.

ಮನೆಯವರು ಮಾಡಬಹುದಾದದ್ದು

ಆಪರೇಷನ್ ಕೋಣೆಯ ಬಾಗಿಲು ಮುಚ್ಚಿದ ಮೇಲೆ ಮನೆಯವರ ಕೈಯಲ್ಲಿ ಏನೂ ಇರುವುದಿಲ್ಲ. ಆದರೆ ಅದಕ್ಕೆ ಮೊದಲಿನ ಎರಡು-ಮೂರು ವಾರಗಳಲ್ಲಿ ಬಹಳಷ್ಟಿದೆ.

ಮೊದಲನೆಯದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ 13 ಇರುವವರು ಅರ್ಧ ಲೀಟರ್ ರಕ್ತ ಕಳೆದುಕೊಂಡರೆ ತಾಳಿಕೊಳ್ಳುತ್ತಾರೆ. 8 ಇರುವವರಿಗೆ ಅಷ್ಟೇ ನಷ್ಟಕ್ಕೆ ರಕ್ತ ಏರಿಸಬೇಕಾಗುತ್ತದೆ. ಆದ್ದರಿಂದ ಆಪರೇಷನ್ ದಿನ ಗೊತ್ತಾದ ಕೂಡಲೇ ಹಿಮೋಗ್ಲೋಬಿನ್ ಎಷ್ಟಿದೆ, ಕಬ್ಬಿಣಾಂಶದ ಕೊರತೆ ಇದೆಯೇ, ಮಾತ್ರೆ ಅಥವಾ ಇಂಜೆಕ್ಷನ್‌ನಿಂದ ಸರಿಪಡಿಸಲು ಸಮಯವಿದೆಯೇ ಎಂದು ಕೇಳಿ. ದಾಳಿಂಬೆ, ಬೀಟ್‌ರೂಟ್ ತಿನ್ನಿಸುವುದು ಒಳ್ಳೆಯದೇ, ಆದರೆ ಎರಡು ವಾರದಲ್ಲಿ ಅವುಗಳಿಂದಲೇ ಹಿಮೋಗ್ಲೋಬಿನ್ ಏರುತ್ತದೆ ಎಂದು ಕಾಯಬೇಡಿ.

ಎರಡನೆಯದು, ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಗಳ ಪಟ್ಟಿ. ರಕ್ತ ತೆಳುವಾಗಿಸುವ ಮಾತ್ರೆ, ಹೃದಯಕ್ಕೆ ಕೊಟ್ಟ ಆಸ್ಪಿರಿನ್, ಮಂಡಿನೋವಿನ ಮಾತ್ರೆ, ಯಾರೋ ಹೇಳಿದ ಕಷಾಯ, ಪುಡಿ, ನಾಟಿ ಔಷಧ ಎಲ್ಲವನ್ನೂ ಹೇಳಿ. ಬೈದಾರು ಎಂದು ಮುಚ್ಚಿಡಬೇಡಿ. ಹಾಗೆಯೇ ನೀವೇ ತೀರ್ಮಾನಿಸಿ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಒಮ್ಮೆಗೇ ಮಾತ್ರೆ ಬಿಟ್ಟರೆ ಸ್ಟೆಂಟ್ ಮುಚ್ಚಿಹೋಗುವ ಅಪಾಯವಿದೆ. ಯಾವುದನ್ನು, ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ವೈದ್ಯರೇ ಹೇಳಲಿ.

ಮೂರನೆಯದು, ಕೇಳುವ ಧೈರ್ಯ. "ಈ ಆಪರೇಷನ್‌ನಲ್ಲಿ ಸಾಮಾನ್ಯವಾಗಿ ಎಷ್ಟು ರಕ್ತ ಹೋಗುತ್ತದೆ? ರಕ್ತ ಕೊಡಬೇಕಾದ ಸಾಧ್ಯತೆ ಎಷ್ಟು? ನಿಮ್ಮ ತಂಡ ವರ್ಷಕ್ಕೆ ಇಂಥ ಎಷ್ಟು ಶಸ್ತ್ರಚಿಕಿತ್ಸೆ ಮಾಡುತ್ತದೆ? ಅರಿವಳಿಕೆ ತಜ್ಞರ ಜೊತೆ ಮಾತಾಡಬಹುದೇ?" ಇವು ಅವಮಾನಿಸುವ ಪ್ರಶ್ನೆಗಳಲ್ಲ.

ಲಿವರ್ ದಾನ ಮಾಡುವವರ ಮನೆಯವರಿಗೆ ಇದು ಇನ್ನೂ ಮುಖ್ಯ. ಭಾರತದಲ್ಲಿ ನಡೆಯುವ ಬಹುಪಾಲು ಲಿವರ್ ಕಸಿಗಳಲ್ಲಿ ಲಿವರ್‌ನ ಭಾಗ ಕೊಡುವವರು ಬದುಕಿರುವ ಬಂಧುಗಳೇ: ಹೆಂಡತಿ, ಮಗ, ಮಗಳು, ತಾಯಿ. ಯಾವ ಕಾಯಿಲೆಯೂ ಇಲ್ಲದ ಮನುಷ್ಯ ಇನ್ನೊಬ್ಬರಿಗಾಗಿ ಮೇಜಿನ ಮೇಲೆ ಮಲಗುತ್ತಾನೆ. ಅಲ್ಲಿ ಒಂದೊಂದು ಲೋಟ ರಕ್ತಕ್ಕೂ ಲೆಕ್ಕವಿದೆ. 1963ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಥಾಮಸ್ ಸ್ಟಾರ್ಜಲ್ ಮನುಷ್ಯರಲ್ಲಿ ಮೊದಲ ಲಿವರ್ ಕಸಿಗೆ ಕೈಹಾಕಿದಾಗ, ಆ ಮೂರು ವರ್ಷದ ಮಗು ರಕ್ತಸ್ರಾವದಿಂದ ಮೇಜಿನ ಮೇಲೆಯೇ ತೀರಿಕೊಂಡಿತ್ತು. ಅಲ್ಲಿಂದ ಇಲ್ಲಿಗೆ ಬಂದಿರುವ ದೂರ ಸಣ್ಣದಲ್ಲ.

ಹಾಗಾದರೆ ರಕ್ತದಾನ ಬೇಡವೇ?

ಖಂಡಿತ ಬೇಕು. ಎಷ್ಟೇ ತಯಾರಿ ಇದ್ದರೂ ದೊಡ್ಡ ಅಭಿಧಮನಿಯೊಂದು ಹರಿದರೆ ಕೆಲವೇ ನಿಮಿಷಗಳಲ್ಲಿ ಲೀಟರ್‌ಗಟ್ಟಲೆ ರಕ್ತ ಹೋಗಬಹುದು. ಆಗ ಫ್ರಿಜ್‌ನಲ್ಲಿರುವ ರಕ್ತವೇ ಆಧಾರ. ಆಸ್ಪತ್ರೆಯವರು ಎಂಟು ಯೂನಿಟ್ ಕಾದಿರಿಸಲು ಹೇಳುವುದು ಎಂಟನ್ನೂ ಬಳಸುತ್ತೇವೆ ಎಂದಲ್ಲ. ಮಳೆ ಬರುತ್ತದೆಂದು ಖಾತ್ರಿಯಿಲ್ಲದಿದ್ದರೂ ಕೊಡೆ ಹಿಡಿದು ಹೊರಡುವ ಹಾಗೆ. ಬಳಸದೆ ಉಳಿದದ್ದು ಹೆರಿಗೆಗೋ ಅಪಘಾತಕ್ಕೋ ಇನ್ನೊಬ್ಬರಿಗೆ ಸಲ್ಲುತ್ತದೆ. ಆದ್ದರಿಂದ ಆ ವಾಟ್ಸಾಪ್ ಸಂದೇಶ ಬಂದಾಗ ದಿನಾಂಕ ಹಳೆಯದಲ್ಲವೇ ಎಂದು ನೋಡಿ, ನಿಜವಾಗಿದ್ದರೆ ಹೋಗಿ ಕೊಡಿ.

ನಮ್ಮ ಗೆಳತಿಯ ತಂದೆಯ ಆಪರೇಷನ್ ಆರು ಗಂಟೆಗೂ ಹೆಚ್ಚು ಹೊತ್ತು ನಡೆಯಿತು. ಕಾದಿರಿಸಿದ್ದ ರಕ್ತದಲ್ಲಿ ಒಂದು ಯೂನಿಟ್ ಮಾತ್ರ ಬಳಸಿದರು, ಅದೂ ಮಾರನೆಯ ದಿನ. ಕ್ಯಾನ್ಸರ್ ವಿಷಯದಲ್ಲಿ ಮುಂದಿನ ದಾರಿ ಇನ್ನೂ ಇದೆ, ಕಿಮೋಥೆರಪಿ ನಡೆಯುತ್ತಿದೆ. ಆಪರೇಷನ್ ದಿನ ಹೊರಗೆ ಬೆಂಚಿನ ಮೇಲೆ ಕೂತವಳು ಮಧ್ಯಾಹ್ನ ನಮಗೆ ಒಂದು ಸಂದೇಶ ಕಳಿಸಿದ್ದಳು: "ಇನ್ನೂ ರಕ್ತ ತನ್ನಿ ಅಂತ ಯಾರೂ ಕರೆದಿಲ್ಲ. ಇದು ಒಳ್ಳೇದಾ, ಕೆಟ್ಟದ್ದಾ?"

ಒಳ್ಳೆಯದೇ ಇರಬೇಕು ಎಂದು ಉತ್ತರಿಸಿದೆವು.